ಇಪ್ಪತ್ತೊಂದನೆಯ ಎಲೆ

ಮಂಡಕ್ಕಿಗೆ ಹೋದ ಮನ ಮಂಡಿಗೆ ಕೊಟ್ಟರೂ ಬಾರದು. ಗಾದೆ ಹೀಗಲ್ಲವೆಂದು ಹಿರಿಯರು ಕೋಲೆತ್ತುವ ಮೊದಲೇ ಹೇಳಿಬಿಡಬೇಕು: ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು.

ಅರವತ್ನಾಲ್ಕರ ಬೇಸಗೆ. ದಾವಣಗೆರೆಯ ಶಾಲೆಗೆ ರಜೆಯ ಬೀಗ ಬಿದ್ದ ದಿನವೇ ಅಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಪುಡಿಹಾಲಿನ ಹಂಡೆಯೂ ಬೋರಲಾಯಿತು. ಮಿಲ್ಲಿನ ಕೂಲಿಗಳ ಮಕ್ಕಳು ಮಧ್ಯಾಹ್ನಕ್ಕೆ ಏನು ತಿನ್ನಬೇಕು? ಮಂಡಕ್ಕಿ ಭಟ್ಟಿಯ ಖತೀಜಾಬೀ, ಊರಿಗೆಲ್ಲ ಬೂಬಮ್ಮ, ಓಣಿಯವರನ್ನೆಲ್ಲ ಬೈದು ಬೈದೇ ಒಟ್ಟುಗೂಡಿಸಿದಳು. ಮಂಡಕ್ಕಿ ಅವಳದು, ಎಣ್ಣೆ ಗಾಣದವರದು, ಈರುಳ್ಳಿ-ಮೆಣಸಿನಕಾಯಿ, ಕಾಯಿಪಲ್ಲೆ ಮಾರುವ ತಿಮ್ಮವ್ವನದು. ಭಟ್ಟಿಯ ಹಿಂದೆ ಬೇವಿನ ನೆರಳಲ್ಲಿ ದಿನಾ ಇಪ್ಪತ್ತು ಮಕ್ಕಳ ಪಂಕ್ತಿ.

ಎಲೆ ಮಾತ್ರ ಇಪ್ಪತ್ತೊಂದು. ಕೊನೆಯದು ಉಡಚಮ್ಮನದು. ಏಳು ವರ್ಷದ ಆ ಹುಡುಗಿ ಮೊದಲ ವಾರವೆಲ್ಲ ಖತೀಜಾಬೀಯ ಸೆರಗು ಹಿಡಿದೇ ತಿಂದಿದ್ದಳು. ಆಮೇಲೆ ಅವಳವ್ವ ಹರಿಹರದ ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೊರಟಾಗ ಮಗಳನ್ನೂ ಕರೆದೊಯ್ದಳು. ಹಾಗೆ ಹೋದ ಮಕ್ಕಳು ಶಾಲೆಗೆ ಮರಳುವುದು ಅಪರೂಪ. ಶಾಲೆ ತೆರೆಯಲು ಇನ್ನು ಒಂಬತ್ತೇ ದಿನ. ಬರುತ್ತಾಳೋ ಇಲ್ಲವೋ ಎಂಬುದೊಂದೇ ಖತೀಜಾಬೀಯ ಎದೆಯಲ್ಲಿ ಭಟ್ಟಿಯ ಮರಳಿನಂತೆ ಕಾಯುತ್ತಿತ್ತು.

ಅವತ್ತು ಎಲೆ ಹಾಕುವಾಗ ಮೂಟೆಗಳ ಹಿಂದಿನಿಂದ ಕೇಳಿತು: "ಬೂಬಮ್ಮಾ, ನಂಗೂ ಎಲೆ ಇರ್ಸೀಯೇನು?"

ಅವಳದೇ ದನಿ! ಮೊರ ಬಿಸಾಕಿ ಓಡಿದಳು. ಮೂಟೆಯ ಹಿಂದೆ, ಯಾರ ದನಿಯನ್ನಾದರೂ ಅಣಕಿಸಬಲ್ಲ ಗಾಡಿಯ ಭರಮಣ್ಣ ಗಿರಿಜಾ ಮೀಸೆಯೊಳಗೆ ನಗು ಬಚ್ಚಿಟ್ಟುಕೊಂಡು ಕೂತಿದ್ದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು.

"ನಿನ್ನ ಬಾಯಾಗ ಮಣ್ಣು ಹಾಕ! ನಾಯಿಯಂಗ ಕೂಗಿ, ಮಿಲ್ಲಿನಂಗ ಕೂಗಿ ಸಾಕಾಗ್ಲಿಲ್ಲೇನು?"

ಕಣ್ಣು ತುಂಬಿತ್ತು. ತಿರುಗಿ ಎರಡು ಹೆಜ್ಜೆ ಹೋದವಳು ಗಕ್ಕನೆ ನಿಂತಳು.

"ಇನ್ನೊಂದ್ಸಲ ಅನ್ನು."

"ಬ್ಯಾಡ ಬಿಡ್ರಿ ಬೂಬಮ್ಮ, ತಪ್ಪಾತು."

"ಅನ್ನಂದ್ರ ಅನ್ನು!"

ಭರಮಣ್ಣ ಅಂದ. 'ಇರ್ಸೀಯೇನು' ಎನ್ನುವಲ್ಲಿ ಗಾಳಿ ಸುಯ್ಯೆಂದು ನುಸುಳಿತು.

"ಇಲ್ಲಿಂದ ಹೋಗುವಾಗ ಅವಳ ಹಲ್ಲು ನೆಟ್ಟಗಿದ್ವು. ಈ ಸುಯ್ ಎಲ್ಲಿಂದ ಬಂತು? ಎಲ್ಲಿ ನೋಡ್ದಿ ಅವಳ್ನ?"

ಭರಮಣ್ಣ ರುಮಾಲು ಸರಿಮಾಡಿಕೊಂಡ. "ನಿನ್ನೆ ಹರಿಹರಕ್ಕೆ ಮೂಟೆ ಹಾಕಾಕ ಹೋಗಿದ್ನಲ್ರಿ, ಹೊಳೆ ದಂಡ್ಯಾಗ ಸಿಕ್ಲು. ಮುಂದಿನವು ಎರಡೂ ಬಿದ್ದಾವು. 'ಸಾಲಿ ತೆರೆಯೋ ದಿನಕ್ಕ ಅವ್ವ ಕಳಿಸ್ತಾಳಂತ ಬೂಬಮ್ಮಗ ಹೇಳು. ನಿನ್ನಂಗ ಹೇಳಬ್ಯಾಡ, ನನ್ನಂಗೇ ಹೇಳು' ಅಂದ್ಲು."

ಮಕ್ಕಳ ನಗು ಅಷ್ಟೊತ್ತಿಗೆ ಮುಗಿದಿತ್ತು. ಖತೀಜಾಬೀ ಸೆರಗನ್ನು ಬಾಯಿಗೊತ್ತಿಕೊಂಡಳು, ಸೆರಗಿನಿಂದ ತಡೆಯಲಾಗಲಿಲ್ಲ. ಬಾಣಲೆಯಲ್ಲಿ ಸಿಡಿಯುವ ಅಕ್ಕಿಯ ಸದ್ದನ್ನೂ ಮೀರಿ ಅವಳ ನಗು ಓಣಿಯ ತುದಿ ಮುಟ್ಟಿತು.