ನಾಗು ಕೊಟ್ಟ ನೆನಪಿನ ಗುಳಿಗೆ

ಅಂಕೋಲೆ ಹತ್ತಿರದ ಕೇಣಿ ಊರಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ವೈಜಯಂತಿಗೆ ಯಾರ ಮನೆಗೆ ಯಾವ ಮೀನು ಎಂಬುದು ಬಾಯಿಪಾಠ. ಅಂಥವಳು ಈಚೆಗೆ ಬಂಗಡೆ ಕೇಳಿದವರಿಗೆ ಸೀಗಡಿ ಕೊಟ್ಟು ಬರತೊಡಗಿದಳು. ನಾಲ್ಕು ಮನೆ ತಿರುಗುವಷ್ಟರಲ್ಲಿ ಸುಸ್ತು ಬೇರೆ.

"ಸಾಕು ಅತ್ತೆ, ಇನ್ನು ಮನೇಲೇ ಕೂತ್ಕಣಿ" ಎಂದಳು ಸೊಸೆ ಮಾನಸಾ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಬುಟ್ಟಿ ಬಿಡುವ ಮಾತು ಕೇಳಿ ವೈಜಯಂತಿ ಹೆದರಿದಳು.

ಇವರ ಕೇರಿಯಲ್ಲಿ ಒಬ್ಬರಿಗೆ ಮೀನು ಸಿಕ್ಕರೆ ನೆರೆಮನೆಗೂ ಪಾಲು ಹೋಗುತ್ತದೆ. ಅದೇ ರೂಢಿಯಲ್ಲಿ ನೆರೆಯ ನಾಗು ಒಂದು ಸ್ಟ್ರಿಪ್ ಗುಳಿಗೆ ತಂದುಕೊಟ್ಟಳು. ತಲೆಗೆ ಪೆಟ್ಟಾಗಿದ್ದ ಅವಳ ಗಂಡನಿಗೆ ಕಾರವಾರದ ಡಾಕ್ಟರು ಬರೆದದ್ದು.

"ನೆನಪಿಗೆ ಒಳ್ಳೇದಂತೆ. ವಿಟಮಿನ್ನಿಂದ ಮಾಡದ್ದು, ಎಂತಾ ಆಗೂದಿಲ್ಲ."

ವೈಜಯಂತಿ ದಿನಾ ಗುಳಿಗೆ ನುಂಗುತ್ತ ಹತ್ತು ದಿನ ಕಳೆದ ಮೇಲೆ ಆಶಾ ಕಾರ್ಯಕರ್ತೆ ಕವಿತಾ ಬಂದಳು. ಊಟಕ್ಕೆ ಕೂರಿಸಿದರು. ಒಂದು ತುತ್ತಿಗೇ ಕೆಮ್ಮಿದಳು.

"ಇದೆಂತಾ ವೈಜಯಂತಕ್ಕ, ಸಾರಿಗೆ ಸಮುದ್ರಾನೇ ಸುರುವಿದ್ಯಾ?"

"ಉಪ್ಪೇ ಗೊತ್ತಾಗೂದಿಲ್ಲ ಮಾರಾಯ್ತಿ. ಬಾಯೆಲ್ಲ ಸಪ್ಪೆ."

"ಹೊಸ ಗುಳಿಗೆ ಏನಾದ್ರೂ ತಕಂಡ್ಯಾ?"

ಮರೆವಿಗೆಂದು ನಾಗು ಕೊಟ್ಟದ್ದು ಎನ್ನುತ್ತ ವೈಜಯಂತಿ ಸ್ಟ್ರಿಪ್ ತಂದು ತೋರಿಸಿದಳು. "ಅದು ಬರೀ ವಿಟಮಿನ್ ಅಲ್ದಾ ಕವಿತಕ್ಕ?" ಎಂದಳು ಮಾನಸಾ.

"ಬಿ-ಆರು ವಿಟಮಿನ್ನಿಂದ ಮಾಡದ್ದು ಹೌದು. ಆದ್ರೆ ಇದು ಔಷಧಿ. ಡಾಕ್ಟರು ನೋಡಿ ಕೆಲವ್ರಿಗೆ ಕೊಡ್ತಾರೆ, ಅವ್ರಲ್ಲೂ ಎಲ್ರಿಗೂ ಗುಣ ಬತ್ತದೆ ಅಂತಿಲ್ಲ. ಕೆಲವ್ರಿಗೆ ವಾಂತಿ, ತುರಿಕೆ, ಬಾಯಿ ರುಚಿ ಹೋಗೂದು. ಅಪರೂಪಕ್ಕೆ ಲಿವರಿಗೂ ತೊಂದ್ರೆ. ಮರೆವು ಎಂತಕ್ಕೆ ಬಂತು ಅಂತ ಮೊದ್ಲು ನೋಡೂದು ಬ್ಯಾಡ್ವಾ?"

ವೈಜಯಂತಿಯ ಕಣ್ಣು ತುಂಬಿತು. "ಡಾಕ್ಟರು ಬುಟ್ಟಿ ಬಿಡು ಅಂದ್ರೆ?"

"ತೋರ್ಸದೇ ಇದ್ರೆ ಬುಟ್ಟಿನೇ ನಿನ್ನ ಬಿಡ್ತದೆ ಅಕ್ಕ."

ಮರುದಿನವೇ ಅಂಕೋಲೆಯ ಆಸ್ಪತ್ರೆಗೆ ಹೋದರು. ಡಾಕ್ಟರು ಆ ಗುಳಿಗೆ ನಿಲ್ಲಿಸಿ ರಕ್ತ ಪರೀಕ್ಷೆ ಬರೆದರು. ವರದಿಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಿತ್ತು. ಸುಸ್ತು, ಮರೆವು ಎರಡೂ ಅದರಿಂದಲೇ ಎಂದು ಹೇಳಿ, ಅದಕ್ಕೆ ತಕ್ಕ ಗುಳಿಗೆ ಕೊಟ್ಟರು. ವಿಷಯ ತಿಳಿದ ನಾಗು ಓಡಿಬಂದು, "ಒಳ್ಳೇದಾಗ್ಲಿ ಅಂತಲೇ ಕೊಟ್ಟೆ" ಎಂದು ಅತ್ತಳು. "ಗೊತ್ತೇ ಮಾರಾಯ್ತಿ" ಎಂದು ವೈಜಯಂತಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಕೆಲವು ವಾರಗಳಲ್ಲಿ ಬಾಯಿ ರುಚಿ ಮರಳಿತು. ಎರಡು ತಿಂಗಳಲ್ಲಿ ಮೈಯೂ ಹಗುರಾಗಿ ಮರೆವೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಮಾನಸಾ ತಾನೇ ಬುಟ್ಟಿ ಎತ್ತಿ ಅತ್ತೆಯ ತಲೆಗಿಟ್ಟಳು. "ಹೋಗ್ ಬನ್ನಿ ಅತ್ತೆ. ನಾನು ಕೂತ್ಕಣಿ ಅಂದದ್ದು ತಪ್ಪು, ಡಾಕ್ಟರಿಗೆ ತೋರ್ಸುವಾ ಅನ್ಬೇಕಿತ್ತು."

ನಿಮ್ಮ ಮನೆಯಲ್ಲೂ ಯಾರಾದರೂ ಸುಸ್ತು, ಮರೆವು ಎನ್ನುತ್ತಿದ್ದಾರೆಯೇ? ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ವಿಟಮಿನ್ ಹೆಸರು ಕೇಳಿ ಇನ್ನೊಬ್ಬರ ಗುಳಿಗೆ ನುಂಗಿಸಲೂ ಬೇಡಿ. ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನೆಲ್ಲ ಕೈಯಲ್ಲಿ ಹಿಡಿದು ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.