ನಾಲ್ಕು ಜನಕ್ಕೆ ಸೂಪು

ಮೆಣಸಿಗೆ ಅಡುಗೆಯವಳಾಗುವ ಹುಚ್ಚು, ಅವಳ ಅಪ್ಪನಿಗೆ ಅವಳನ್ನು ತನ್ನ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕೂರಿಸುವ ಹಟ. ಮೆಣಸು ಎನ್ನುವುದು ಮನೆಯವರು ಇಟ್ಟ ಹೆಸರು. ಹುಡುಗಿ ನೋಡಲು ಅಷ್ಟೇ ಪುಟ್ಟ, ಮಾತಿನಲ್ಲಿ ಅಷ್ಟೇ ಖಾರ. ಶಾಲೆ ಮುಗಿದಾಗಿನಿಂದ ಮನೆಯಲ್ಲಿ ಬೆಳಗಾದರೆ ಇದೇ ಜಗ್ಗಾಟ.

ಅಪ್ಪನೋ, ಚಹಾದ ಸಕ್ಕರೆಯನ್ನೂ ಚಮಚದ ಅಂಚಿಗೆ ಬೆರಳೆಳೆದು ಸಮ ಮಾಡಿ ಹಾಕಿಕೊಳ್ಳುವ ಪ್ರಾಣಿ. ಅವನ ಅಕ್ಕ, ಅಂದರೆ ಮೆಣಸಿನ ಅತ್ತೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿ ಹಾಕುವ ಹೆಂಗಸು. ಒಂದೇ ಹೊಟ್ಟೆಯಲ್ಲಿ ಇವರಿಬ್ಬರೂ ಹೇಗೆ ಹುಟ್ಟಿದರೋ ದೇವರಿಗೇ ಗೊತ್ತು.

ಕೊನೆಗೊಂದು ದಿನ ಅಪ್ಪನೇ ಪಂದ್ಯ ಕಟ್ಟಿದ.

"ನಾಳೆ ಸಂಜೆ ಊಟ ನಿಂದು. ನಾನು, ನಿಮ್ಮಮ್ಮ, ನೀನು, ಅತ್ತೆ, ನಾಲ್ಕೇ ಜನ. ನಾಲ್ಕೂ ಹೊಟ್ಟೆ ತುಂಬಬೇಕು, ದುಡ್ಡು ನೀರಿನ ಹಾಗೆ ಸುರೀಬಾರದು, ಒಂದು ಸೌಟೂ ಮಿಕ್ಕಬಾರದು. ಗೆದ್ರೆ ಅತ್ತೆ ಜೊತೆ ಕ್ಯಾಂಟೀನಿಗೆ ಹೋಗಿ ಕೆಲಸ ಕಲಿ. ಸೋತ್ರೆ ನನ್ನ ಅಂಗಡಿ. ಅಕ್ಕಾ, ನೀನು ಕೈ ಹಾಕೋ ಹಾಗಿಲ್ಲ."

"ಬಾಯಿ ಹಾಕಬಹುದಾ?"

"ಬೇಡ ಅಂದ್ರೆ ಸುಮ್ನಿರ್ತೀಯಾ?"

ಮಾರನೆಯ ದಿನ ಅಪ್ಪ ಅಂಗಡಿಗೂ ಅಮ್ಮ ತನ್ನ ಲಾಂಡ್ರಿ ಕೆಲಸಕ್ಕೂ ಹೋದ ಮೇಲೆ ಮೆಣಸು ಚೀಲ ಹಿಡಿದು ಮಾರ್ಕೆಟ್ಟಿಗೆ ಓಡಿದಳು. ಯಾರೂ ಮುಟ್ಟದ ಸೊಟ್ಟ ಕ್ಯಾರೆಟ್ಟು, ಮೆತ್ತಗಾದ ಟೊಮೆಟೊ, ಮೊಳಕೆ ಕಣ್ಣು ಬಿಡುತ್ತಿದ್ದ ಆಲೂಗಡ್ಡೆ ಎಲ್ಲ ಸೇರಿಸಿ ಒಂದು ಮೂಟೆಯೇ ಪುಕ್ಕಟೆಗೆ ಸಿಕ್ಕಷ್ಟು ಅಗ್ಗವಾಗಿ ಬಂತು. ಮನೆಯಲ್ಲಿ ಒಂದು ದೊಡ್ಡ ಡಬ್ಬಿ ಬೇಳೆ ಇತ್ತು. ಬೇಳೆ ಸೂಪು, ಜೊತೆಗೆ ಬ್ರೆಡ್ಡು ಎಂದು ತೀರ್ಮಾನವಾಯಿತು. ಅತ್ತೆ ರಜಾ ಹಾಕಿ ಬಂದು, ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮೆಣಸು ನಾಲ್ಕು ಜನಕ್ಕೆ ತಕ್ಕಷ್ಟೇ ಬೇಳೆ ತೊಳೆದಳು, ಸಣ್ಣ ಉರಿಯಲ್ಲಿ ಈರುಳ್ಳಿ ಬಾಡಿಸಿದಳು, ಕ್ಯಾರೆಟ್ಟು ಹೆಚ್ಚಿ ಹಾಕಿದಳು, ನೀರು ಅಳೆದು ಹೊಯ್ದಳು. ಪಾತ್ರೆ ಕುದಿಯುತ್ತಾ ಮನೆಯೆಲ್ಲ ಘಮ್ಮೆಂದಿತು. ಆಮೇಲೆ ಉಪ್ಪು ಹಾಕಿದಳು. ರಜೆಯಲ್ಲೆಲ್ಲ ಕ್ಯಾಂಟೀನಿನಲ್ಲಿ ಅತ್ತೆಯ ಕೈಯನ್ನೇ ನೋಡುತ್ತ ನಿಂತಿದ್ದವಳಲ್ಲವೇ, ಅದೇ ಠೀವಿಯಲ್ಲಿ ಮುಷ್ಟಿ ತುಂಬ ತೆಗೆದು ಎಸೆದೇಬಿಟ್ಟಳು.

ರುಚಿ ನೋಡಿದವಳ ಮುಖ ಮುದುಡಿಹೋಯಿತು. "ಅತ್ತೇ, ಸಮುದ್ರ!"

"ಅಳಬೇಡ ಕಣೇ. ಅಡುಗೆ ಕೆಡೋದಿಲ್ಲ, ದೊಡ್ಡದಾಗುತ್ತೆ ಅಷ್ಟೆ. ನೀರು ಹಾಕು, ನಾಲ್ಕು ಆಲೂಗಡ್ಡೆ ಹಾಕು."

ಹಾಕಿದಳು. ಉಪ್ಪು ಇಳಿಯಿತು, ಆದರೆ ಸೂಪು ಪಾತ್ರೆ ತೊಳೆದ ನೀರಿನ ಹಾಗಾಯಿತು. "ಹಾಗಾದ್ರೆ ಬೇಳೆ" ಅಂದಳು ಅತ್ತೆ. ಬೇಳೆ ಬಿದ್ದಿತು, ಪಾತ್ರೆ ಸಾಲದೆ ಇನ್ನೂ ದೊಡ್ಡ ಪಾತ್ರೆಗೆ ಬದಲಾಯಿತು. ಈಗ ಸಪ್ಪೆ. ಕಾಳುಮೆಣಸಿನ ಪುಡಿ ಬಿದ್ದಿತು. ಡಬ್ಬಿಯ ಮುಚ್ಚಳವೂ ಜೊತೆಗೆ ಬಿದ್ದಿತು, ಅಂದಮೇಲೆ ಪುಡಿ ಎಷ್ಟು ಬಿತ್ತೆಂದು ನೀವೇ ಊಹಿಸಿ. ಖಾರಕ್ಕೆ ಟೊಮೆಟೊ, ಟೊಮೆಟೊದ ಹುಳಿಗೆ ಕ್ಯಾರೆಟ್ಟು, ಕ್ಯಾರೆಟ್ಟು ಬೇಯಲು ನೀರು, ನೀರಿಗೆ ಮತ್ತೆ ಬೇಳೆ. ಕೆಳಮನೆಯ ದರ್ಜಿಯಿಂದ ಹಂಡೆ ಎರವಲು ಬಂತು. ಅತ್ತೆ ಸ್ಟೂಲಿನ ಮೇಲೆ ಕೂತಲ್ಲೇ ಕುಣಿಯುತ್ತಿದ್ದಳು. ಕ್ಯಾಂಟೀನಿನಲ್ಲಿ ತಪ್ಪನ್ನು ಹೀಗೇ ತಿದ್ದುತ್ತಾರೆ. ಹೆಚ್ಚಾದದ್ದನ್ನು ತಿನ್ನುವ ಬಾಯಿ ಅಲ್ಲಿ ಯಾವಾಗಲೂ ಇರುತ್ತದೆ, ಅದೊಂದು ಮಾತು ಇಬ್ಬರಿಗೂ ಮರೆತೇಹೋಗಿತ್ತು.

ಕಟ್ಟಕಡೆಗೆ ಮೆಣಸು ಸೌಟಿಗೆ ನಾಲಿಗೆ ತಾಗಿಸಿದಳು. ಕಣ್ಣರಳಿತು. ಸೂಪು ಅದ್ಭುತವಾಗಿತ್ತು! ಸುಳ್ಳಲ್ಲ, ಆ ಹುಡುಗಿ ಸಂತೋಷಕ್ಕೆ ಒಂದು ಸುತ್ತು ತಿರುಗಿಯೇಬಿಟ್ಟಳು. ತಿರುಗಿ ನಿಂತಾಗ ಹಂಡೆ ಕಣ್ಣಿಗೆ ಬಿತ್ತು, ತುಂಬಿ ತುಳುಕುತ್ತಿತ್ತು.

"ಒಂದು ಸೌಟೂ ಮಿಕ್ಕಬಾರದು ಅಂದಿದಾನೆ ಅಪ್ಪ."

"ಮೋರಿಗೆ ಸುರಿದ್ರೆ ನಾನು ನಿನ್ನ ಅತ್ತೆಯೇ ಅಲ್ಲ."

"ಸುರಿಯೋದು ಯಾರಿಗೆ ಬೇಕು? ತಿನ್ನೋರು ಬೇಕು!"

ಅಪ್ಪ ಅಮ್ಮ ಬರಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಇಬ್ಬರೂ ಹಂಡೆಯನ್ನು ಬಟ್ಟೆಯಲ್ಲಿ ಹಿಡಿದು, ಉಸ್ ಉಸ್ ಎನ್ನುತ್ತ, ಮೆಟ್ಟಿಲ ಹತ್ತಿರ ತಂದಿಟ್ಟರು. ಅತ್ತೆ ಮುಚ್ಚಳಕ್ಕೆ ಸೌಟಿನಿಂದ ಢಣಢಣ ಬಾರಿಸಿ, ಕಾರ್ಖಾನೆಯ ಸೈರನ್ನೂ ನಾಚುವ ಹಾಗೆ ಕೂಗಿದಳು: "ಊಟ! ಊಟಾ! ಬಟ್ಟಲು ತನ್ನಿ!"

ಬಾಗಿಲುಗಳು ಪಟಪಟ ತೆರೆದವು. ದರ್ಜಿ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದ. ಕೆಳಗಿನ ಸಲೂನಿನಿಂದ ಕ್ಷೌರಿಕ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿ, "ನನ್ನ ಇನ್ನೊಂದು ಕೆನ್ನೆ?" ಎಂದು ಕೇಳುತ್ತ ಬಂದವನು ಸೂಪಿನ ವಾಸನೆಗೆ ಕೆನ್ನೆಯನ್ನೇ ಮರೆತ. ಮೇಲಿನ ಮಹಡಿಯ ಕಾಲೇಜು ಹುಡುಗರು ಬಟ್ಟಲಿಲ್ಲದೆ ಹೂಜಿ ತಂದರು. ಮೆಟ್ಟಿಲ ತುಂಬ ಜನ ಸಾಲಾಗಿ ಕೂತು ಸುರ್ರೆಂದು ಹೀರಿದರು. ನೊರೆಯೂ ಸೂಪೂ ಬೆರೆತ ಗಿರಾಕಿಯ ಮೂತಿ ನೋಡಿ ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು.

"ಇನ್ನೊಂದು ಸೌಟು ಹಾಕಮ್ಮಾ" ಅಂದ ದರ್ಜಿ.

ಮೆಣಸಿಗೆ ಪಂದ್ಯ, ಅಂಗಡಿ, ತಕ್ಕಡಿ ಯಾವುದೂ ನೆನಪಿರಲಿಲ್ಲ. ಮೇಲಕ್ಕೂ ಕೆಳಕ್ಕೂ ಓಡಾಡಿ ಬಡಿಸಿದಳು. ಬೇಡ ಅಂದವರಿಗೂ ಹಾಕಿದಳು. ಯಾರಾದರೂ ಕಣ್ಣುಮುಚ್ಚಿ "ಹಾ!" ಅಂದರೆ ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪ ಅಮ್ಮ ಮೆಟ್ಟಿಲ ಮೇಲಿನ ಕಾಲುಗಳನ್ನು ದಾಟಿಕೊಂಡು ಬಂದಾಗ ಹಂಡೆಯ ತಳ ಕಾಣುತ್ತಿತ್ತು.

"ಅಪ್ಪಾ, ನೋಡು! ಒಂದು ಸೌಟೂ ಮಿಕ್ಕಿಲ್ಲ!"

ಅಪ್ಪ ಬಗ್ಗಿ ನೋಡಿದ. ಅಮ್ಮನೂ ಬಗ್ಗಿ ನೋಡಿದಳು. ಇಡೀ ದಿನ ಇಸ್ತ್ರಿ ಪೆಟ್ಟಿಗೆ ಎಳೆದು ಬಂದವಳ ಹೊಟ್ಟೆ ಅಲ್ಲೇ ಎಲ್ಲರಿಗೂ ಕೇಳುವ ಹಾಗೆ ಗುರ್ರೆಂದಿತು.

ಮೆಣಸಿನ ನಗು ಅಲ್ಲಿಗೇ ನಿಂತಿತು. ನಾಲ್ಕೂ ಹೊಟ್ಟೆ ತುಂಬಬೇಕು ಅಂದಿದ್ದ ಅಪ್ಪ. ಅವಳೂ ತಿಂದಿರಲಿಲ್ಲ, ಅತ್ತೆಯೂ ತಿಂದಿರಲಿಲ್ಲ. ಬೀದಿಗೆಲ್ಲ ಬಡಿಸಿದವಳು ಆ ನಾಲ್ಕು ಜನರನ್ನೇ ಬಿಟ್ಟಿದ್ದಳು. ನೊರೆಯ ಗಿರಾಕಿ ತನ್ನ ಬಟ್ಟಲನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದ.

ಅಪ್ಪ ಒಂದು ತುಂಡು ಬ್ರೆಡ್ಡು ಕೇಳಿದ. ಕೋಟು ಬಿಚ್ಚಿ, ತೋಳು ಮಡಚಿ, ಹಂಡೆಯೊಳಗೆ ತಲೆ ತೂರಿಸಿ, ಒಳಮೈಗೆ ಅಂಟಿದ್ದನ್ನೆಲ್ಲ ಬ್ರೆಡ್ಡಿನಿಂದ ಸುತ್ತಲೂ ಒರೆಸಿಕೊಂಡ. ಅರ್ಧ ಅಮ್ಮನಿಗೆ ಕೊಟ್ಟು ಅರ್ಧ ಬಾಯಿಗಿಟ್ಟುಕೊಂಡ. ಬಹಳ ಹೊತ್ತು ಅಗಿದ.

"ನೀನು ಸೋತೆ ಕಣೇ" ಅಂದ. "ನಾಲ್ಕು ಜನಕ್ಕೆ ಅಡುಗೆ ಮಾಡೋದು ನಿನ್ನ ಕೈಲಾಗಲ್ಲ. ಈ ಜನ್ಮದಲ್ಲಂತೂ ಆಗಲ್ಲ."

ಮೆಣಸು ತಲೆ ತಗ್ಗಿಸಿದಳು.

"ಇಂಥ ಕೈ ಇಟ್ಕೊಂಡು ನನ್ನ ಅಂಗಡಿಗೆ ಬಂದ್ರೆ ಊರಿನ ತಕ್ಕಡಿಯೆಲ್ಲ ಹಾಳಾಗುತ್ತೆ. ಸೋಮವಾರದಿಂದ ಇನ್ನೂರು ಜನ ಇರೋ ಕಡೆಗೇ ಹೋಗು." ಬೆರಳು ನೆಕ್ಕಿಕೊಂಡು, ಬೇರೆ ಕಡೆ ನೋಡುತ್ತ ಸೇರಿಸಿದ: "ಅಲ್ಲಿ ಮಧ್ಯಾಹ್ನ ಹೊರಗಿನವರಿಗೂ ಊಟ ಹಾಕ್ತಾರಾ, ಕೇಳಿ ಹೇಳು."