ಯಂಕೋಬನ ಗಾಡಿಗೆ ನಾಲ್ಕು ಓಮ್

ಯಂಕೋಬನ ಕಿವಿಗೆ ಏನೂ ಆಗಿರಲಿಲ್ಲ. ಆಗಿದ್ದರೆ ಅದು ಕುಷ್ಟಗಿಯ ಜನರ ಬಾಯಿಗೆ. ಎಪ್ಪತ್ತೆಂಟನೇ ಇಸವಿಯವರೆಗೂ ಗಂಟಲು ಬಿಚ್ಚಿ ಮಾತಾಡುತ್ತಿದ್ದ ಮಂದಿ ಎಂಬತ್ಮೂರರ ಹೊತ್ತಿಗೆ ಮಾತನ್ನು ಅರ್ಧ ನುಂಗಿ ಅರ್ಧ ಉಗುಳತೊಡಗಿದ್ದರು. ಜೋಳಕ್ಕೆ ಸರ್ಕಾರಿ ಗೊಬ್ಬರ ಬಿದ್ದ ಮೇಲೆ ಉಂಡವರ ಗಂಟಲಲ್ಲಿ ಮೊದಲಿನ ಕಸುವಿಲ್ಲ ಎಂಬುದು ಯಂಕೋಬನ ತೀರ್ಮಾನ. ಇಪ್ಪತ್ತೆರಡು ವರ್ಷ ಲಾರಿ ಎಂಜಿನ್ನಿನ ಮಗ್ಗುಲಲ್ಲಿ ಕೂತು ಬಂದವನು ಅವನು. ಆ ಎಂಜಿನ್ನು ಮಾತ್ರ ಎಂದೂ ಮಾತು ನುಂಗಿದ್ದಿಲ್ಲ.

ಲಾರಿ ಬಿಟ್ಟ ಮೇಲೆ ಅವನು ಒಂದು ಹಳೆಯ ಅಂಬಾಸಿಡರ್ ತಂದು ಬಾಡಿಗೆಗೆ ಬಿಟ್ಟಿದ್ದ. ಕುಷ್ಟಗಿಯಿಂದ ಕೊಪ್ಪಳಕ್ಕೆ, ಗಂಗಾವತಿಗೆ ಮಂದಿಯನ್ನು ಒಯ್ಯುವುದು, ಮದುವೆಯ ಸುಗ್ಗಿಯಲ್ಲಿ ದಿಬ್ಬಣ ಹೊರುವುದು. ನಾಲ್ಕೈದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಜನ ಇಳಿಯಬೇಕಾದ ಜಾಗ ಬಿಟ್ಟು ಬೇರೆಲ್ಲೋ ಇಳಿಯತೊಡಗಿದರು. ಒಬ್ಬ ಮಾಸ್ತರರು ಹಿಟ್ನಾಳದಲ್ಲಿ ನಿಲ್ಲಿಸಪ್ಪಾ ಎಂದು ಮೂರು ಸಲ ಹೇಳಿದರಂತೆ. ಯಂಕೋಬ ಅವರನ್ನು ಮುಂದಿನ ಹುಲಿಗಿಯಲ್ಲಿ, ದೇವಿಯ ಗುಡಿಯ ಮುಂದೆ ಇಳಿಸಿ, "ದೇವಿ ಕರಸ್ಕೊಂಡಾಳ್ರಿ, ಕಾಯಿ ಒಡಸ್ಕೊಂಡು ಹೋಗ್ರಿ" ಎಂದ. ಮಾಸ್ತರರು ಕಾಯಿ ಒಡೆಸಿದರೋ ಇಲ್ಲವೋ, ಮತ್ತೆ ಅವನ ಗಾಡಿ ಹತ್ತಲಿಲ್ಲ.

ಹೀಗೆ ಒಬ್ಬೊಬ್ಬರೇ ಕಾಳಪ್ಪನ ಗಾಡಿಗೆ ಹೋಗತೊಡಗಿದರು. ಕಾಳಪ್ಪನದೂ ಅಂಬಾಸಿಡರೇ, ಇವನದಕ್ಕಿಂತ ಹಳೆಯದು. ಆದರೆ ಅದರಲ್ಲಿ ಒಂದು ಟೇಪ್ ಇತ್ತು. ಯಂಕೋಬ ಕುಣಿಯಲಾರದವಳು ನೆಲ ನೋಡಿದ ಹಾಗೆ ಆ ಟೇಪನ್ನು ನೋಡಿದ. ಮಂದಿ ಹೋಗುತ್ತಿರುವುದು ಹಾಡಿಗೆ, ಮತ್ತೆ ಯಾವುದಕ್ಕೂ ಅಲ್ಲ. ಹಾಗೆಂದುಕೊಂಡರೆ ಎದೆ ಹಗುರಾಗುತ್ತಿತ್ತು. ಏಕೆಂದರೆ ಬೇರೆ ಒಂದು ಮಾತು ಅವನೊಳಗೆ ಆಗಾಗ ತಲೆ ಎತ್ತುತ್ತಿತ್ತು, ಅದನ್ನು ಅವನು ಕೂಡಲೇ ತುಳಿದು ಕೂರಿಸುತ್ತಿದ್ದ. ಕಿವುಡನ ಗಾಡಿ ಎಂದು ಯಾರಾದರೂ ಒಬ್ಬ ಅಂದರೆ ಮುಗಿಯಿತು, ಬಸ್‌ಸ್ಟ್ಯಾಂಡಿನ ನಾಯಿ ಕೂಡ ಹತ್ತುವುದಿಲ್ಲ. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಹೆಂಡತಿ ಗಾಳೆಮ್ಮನ ಬಾಯಿ ಮಾತ್ರ ಕೆಟ್ಟಿರಲಿಲ್ಲ. "ರೊಟ್ಟಿ ಆಗ್ಯಾವ, ಬರ್ರಿ" ಎಂದರೆ ಓಣಿಯ ಆ ತುದಿಯಲ್ಲಿದ್ದವರಿಗೂ ಹಸಿವಾಗುತ್ತಿತ್ತು. ಓಣಿಯವರು ಅವಳಿಗೆ ಜಗಳಗಂಟಿ ಎಂದು ಹೆಸರಿಟ್ಟಿದ್ದರು. ಇಂಥವಳ ಜೊತೆ ಯಂಕೋಬ ಹೇಗೆ ಬಾಳುತ್ತಾನೋ ಎಂದು ಬಾವಿಕಟ್ಟೆಯಲ್ಲಿ ಮರುಗುತ್ತಿದ್ದರು. ಗಾಳೆಮ್ಮ ಕೇಳಿಸಿಕೊಂಡು ಸುಮ್ಮನೆ ಕೊಡ ಎತ್ತಿಕೊಂಡು ಬರುತ್ತಿದ್ದಳು. ತಾನೇಕೆ ಕೂಗುತ್ತೇನೆಂದು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಗಂಗಾವತಿಯಲ್ಲಿ ನೂರಸಾಬ ಎಂಬ ರೇಡಿಯೋ ರಿಪೇರಿಯವನಿದ್ದ. ಅವನ ಅಂಗಡಿಯಲ್ಲಿ ಸದಾ ಮೂರು ರೇಡಿಯೋ ಒಟ್ಟಿಗೆ ಒದರುತ್ತಿದ್ದುದರಿಂದ ಅವನ ಮಾತೆಂದರೆ ಕೂಗೇ. ಅದಕ್ಕೇ ಯಂಕೋಬನಿಗೆ ಅವನು ಹಿಡಿಸಿದ. ಈ ಸೀಮೆಯಲ್ಲಿ ಬಾಯಿ ನೆಟ್ಟಗಿರುವ ಗಂಡಸು ಇವನೊಬ್ಬನೇ ಎಂದುಕೊಂಡ. ಗಾಡಿಗೆ ಹಾಕಲೆಂದು ಮೈಕಿನವನಿಂದ ಒಂದು ತಗಡಿನ ತುತ್ತೂರಿಯನ್ನೂ ಹೊತ್ತುಕೊಂಡೇ ಹೋಗಿದ್ದ.

ನೂರಸಾಬನ ಹೆಂಡತಿ ಶಾಹಜಾದಬಿ ಮೂಲೆಯಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದಳು. ತುತ್ತೂರಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನೂರಸಾಬ ನಗಲಿಲ್ಲ. ಕಸುಬಿನ ವಿಷಯದಲ್ಲಿ ಅವನಿಗೆ ನಗೆ ಬರುತ್ತಿರಲಿಲ್ಲ.

"ಇದನ್ನ ಗಾಡ್ಯಾಗ ಹಚ್ಚಿದ್ರ ಕುಂತಾವರ ತಲಿ ಒಡಿತಾವ್ರಿ ಯಂಕೋಬಣ್ಣಾರ. ಕೇಳ್ರಿಲ್ಲೆ. ನಾ ಮಾಡಿಕೊಡೋ ಆಂಪ್ಲಿಫೈಯರ್ ಡಬ್ಬಿ ಅಂದ್ರ ಎತ್ತು ಇದ್ದಂಗ. ಸ್ಪೀಕರ್ ಅಂದ್ರ ಬಂಡಿ. ಎತ್ತಿನ ತಾಕತ್ತು ನೋಡಿ ಬಂಡಿ ಹೂಡಬೇಕು. ನನ್ನ ಎತ್ತಿಗೆ ನಾಕು ಓಮ್ ಬರೋಬರಿ."

ಓಂ ಎಂದದ್ದೇ ಯಂಕೋಬನ ಕೈಗಳು ತಾವಾಗಿ ಜೋಡಿಯಾದವು.

"ಆ ಓಂ ಅಲ್ರಿ ಯಪ್ಪಾ! ಇದು ತಂತೀದು, ಕರೆಂಟ್ ತಡಿಯೋ ಅಳತಿ. ಒಂದೊಂದು ಸ್ಪೀಕರಿಗೆ ಎಂಟು ಓಮ್. ಎರಡನ್ನ ಜೋಡಿ ಕಟ್ಟಿದ್ರ ನಾಕು ಆಕ್ಕತಿ."

"ಎಂಟೂ ಎಂಟೂ ನಾಕು ಹೆಂಗಾಕ್ಕತಿ?"

"ಇದರಾಗ ಹಂಗ. ಓಮ್ ಇಳದಂಗ ಎತ್ತಿಗೆ ಹೇರು ಏರ್ತೈತಿ."

"ಭಾಳ ಛಲೋ ಆತು. ನೀವು ದಿನಾ ನೂರು ಸಲ ಓಂ ಅಂತೀರಿ ಸಾಬ್ರ, ನಮ್ಮ ಗುಡಿ ಅಯ್ಯನೋರು ಅನ್ನಂಗಿಲ್ಲ."

"ಅದಕ್ಕ ಅವರ ರೇಡಿಯೋ ವರ್ಷಾ ನನ್ನ ಅಂಗಡಿಗೆ ಬರ್ತೈತಿ" ಎಂದ ನೂರಸಾಬ.

ಎಂಟು ದಿನ ಬಿಟ್ಟು ಕೆಲಸ ಮುಗಿಯಿತು. ಮುಂದೆ ಟೇಪ್, ಹಿಂದಿನ ಸೀಟಿನ ಕೆಳಗೆ ಡಬ್ಬಿ, ಹಿಂದಿನ ಗಾಜಿನ ಬಳಿ ಎರಡು ಸ್ಪೀಕರ್. ಅರ್ಧ ಓಮ್ ಹೆಚ್ಚು ಬಂತೆಂದು ನೂರಸಾಬ ಒಂದು ಸ್ಪೀಕರನ್ನು ವಾಪಸ್ಸು ಕಳಿಸಿ, ತಂದವನೊಂದಿಗೆ ಬಜಾರದಲ್ಲೇ ಮಧ್ಯಾಹ್ನದ ತನಕ ವಾದ ಮಾಡಿದ್ದ. ಕೊನೆಯ ತಂತಿ ಬಿಗಿಯಲು ಅವನು ಸ್ಟೇರಿಂಗಿನ ಕೆಳಗೆ ತೂರಿದ್ದಾಗ, ಹಲ್ಲಲ್ಲಿ ತಂತಿ ಕಚ್ಚಿಕೊಂಡಿದ್ದಾಗ, ಯಂಕೋಬ ಬಾಗಿಲಲ್ಲಿ ನಿಂತು ಕೇಳಿದ: "ಸಾಬ್ರ, ಮುಂದ ಬಾಗಲದಾಗ ಇನ್ನೆರಡು ಸ್ಪೀಕರ್ ಹಚ್ಚಿದ್ರ ಹೆಂಗ?"

"ಹಚ್ಚಬ್ಯಾಡ್ರಿ" ಎಂದ ನೂರಸಾಬ, ಒಳಗಿನಿಂದ.

"ಹಚ್ಚಿಬಿಡ್ರಿ" ಎಂದು ಕೇಳಿಸಿಕೊಂಡ ಯಂಕೋಬ, ಹೊರಗಿನಿಂದ. ಎಂಟೂ ಎಂಟೂ ನಾಲ್ಕಾಗುವ ಲೆಕ್ಕ ಅವನಿಗೆ ತಿಳಿದಿರಲಿಲ್ಲ. ಅಪ್ಪಣೆ ಸಿಕ್ಕಿದ ಮೇಲೆ ಲೆಕ್ಕ ಯಾರಿಗೆ ಬೇಕು?

ಟೇಪ್ ಬಂದ ಮೇಲೆ ಯಾರೂ ಎಣಿಸದಿದ್ದ ಒಂದು ಪವಾಡ ನಡೆಯಿತು. ಜನರ ಬಾಯಿ ರಿಪೇರಿಯಾಯಿತು! ಹಾಡು ಅಷ್ಟು ಜೋರಾಗಿರುವಾಗ ಗಾಡಿಯಲ್ಲಿ ಕೂತವರೆಲ್ಲ ಕೂಗಿಯೇ ಮಾತಾಡಬೇಕು. ಹಿಟ್ನಾಳದವರು ಹಿಟ್ನಾಳ ಎಂದು ಅರಚಿ ಹಿಟ್ನಾಳದಲ್ಲೇ ಇಳಿದರು. ಏನಂದ್ರಿ, ಏನಂದ್ರಿ ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದಾಗ ಯಂಕೋಬ ಕೇಳಿದ್ದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಹೋದವರು ತಿರುಗಿ ಬಂದರು. ಕಾಳಪ್ಪನ ಟೇಪಿಗಿಂತ ಯಂಕೋಬನದೇ ದಮ್ಮಿನದು ಎಂದು ಬಸ್‌ಸ್ಟ್ಯಾಂಡಿನಲ್ಲಿ ಮಾತಾಯಿತು.

ಒಂದು ಸಂಜೆ ಯಂಕೋಬ ಗಾಳೆಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರ ಹೊರಗಿನ ದಾಳಿಂಬೆ ತೋಟದವರೆಗೆ ಹೋಗಿಬಂದ. ಅವಳು ಅಕ್ಕನ ಮಗಳ ಬಾಣಂತನದಿಂದ ಹಿಡಿದು ಒಲೆಯ ಮಣ್ಣು ಉದುರುತ್ತಿರುವುದರವರೆಗೆ ಎಲ್ಲವನ್ನೂ ಕೂಗಿ ಹೇಳಿದಳು. ಅವನು ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟ. ಗಾಡಿಯಲ್ಲಿ ಅವಳ ಕೂಗು ಯಾರಿಗೂ ಜಗಳದಂತೆ ಕೇಳಿಸುವ ಹಾಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗಾಳೆಮ್ಮ ಅಳುಕಿಲ್ಲದೆ ಮಾತಾಡಿದಳು, ಮತ್ತು ಮನೆಗೆ ಬಂದು ಅಡಿಗೆಮನೆಯಲ್ಲಿ ಒಬ್ಬಳೇ ಸ್ವಲ್ಪ ಅತ್ತಳು.

ಇದ್ದದ್ದರಲ್ಲಿ ಇರುವ ಗುಣ ಯಂಕೋಬನಿಗೆ ಇದ್ದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಎರಡು ಸ್ಪೀಕರಿಗೆ ಇಷ್ಟಾದರೆ ನಾಲ್ಕಕ್ಕೆ ಎಷ್ಟು ಎಂಬ ಹುಳ ತಲೆಯಲ್ಲಿ ಕೊರೆಯುತ್ತಲೇ ಇತ್ತು, ನೂರಸಾಬನ ಅಪ್ಪಣೆಯೂ ಕೈಯಲ್ಲಿತ್ತು. ಕೊಪ್ಪಳದಲ್ಲಿ ಯಾರದೋ ಸತ್ತ ರೇಡಿಯೋದಿಂದ ಎರಡು ಸ್ಪೀಕರ್ ಕಿತ್ತು ತಂದು, ಮುಂದಿನ ಬಾಗಿಲುಗಳಲ್ಲಿ ತಾನೇ ಕೂರಿಸಿ, ಹಳೆಯ ತಂತಿಗೇ ಹೊಸ ತಂತಿ ಹೊಸೆದ. ಎಂಟು ಓಮಿನವು ನಾಲ್ಕು ಸೇರಿ ಎರಡೇ ಓಮ್ ಆದವು. ನೂರಸಾಬನ ಎತ್ತಿಗೆ ಹೊತ್ತು ಹೋಗಲಾರದ ಹೇರು ಬಿತ್ತು.

ಆ ವಾರವೇ ಯಲಬುರ್ಗಿಗೆ ಮದುವೆ ದಿಬ್ಬಣ. ಮದುಮಗಳು, ಅವಳ ಅಜ್ಜಿ ಪಾರಮ್ಮ, ಮತ್ತೆ ಐದು ಜನ. ಪಾರಮ್ಮ ಹಿಂದಿನ ಸೀಟಿನ ನಡುವೆ, ಡಬ್ಬಿಯ ಮೇಲೆಯೇ ಕೂತಳು. ನಾಲ್ಕು ಸ್ಪೀಕರಿನ ಅಬ್ಬರಕ್ಕೆ ದಾರಿಬದಿಯ ಕುರಿಗಳು ಹೊಲಕ್ಕೆ ಹಾರಿದವು. ಯಂಕೋಬ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ ಸ್ವರ್ಗದಲ್ಲಿದ್ದ.

ಅರ್ಧ ದಾರಿಯಲ್ಲಿ ಹಾಡು ನಿಂತಿತು. ಕ್ಯಾಸೆಟ್ಟು ಮುಗಿಯಿತೆಂದುಕೊಂಡ ಅವನು, ತಿರುವು ದಾಟಿ ಮಗ್ಗುಲು ಬದಲಿಸೋಣವೆಂದು ಮುಂದೆ ಹೋದ.

"ಯಪ್ಪಾ, ಕುಂಡಿ ಸುಡಾಕತ್ತೈತಿ" ಎಂದಳು ಪಾರಮ್ಮ, ಮೊದಲು ಮರ್ಯಾದೆಯಿಂದ.

ಆಮೇಲೆ ಸೀಟಿನ ಕೆಳಗಿನಿಂದ ಹೊಗೆ ಎದ್ದಿತು. "ಹೊಗಿ, ಹೊಗಿ! ಗಾಡಿ ನಿಂದ್ರಸೋ!" ಎಂದು ಏಳೂ ಜನ ಒಟ್ಟಿಗೆ ಕೂಗಿದರು. ಯಂಕೋಬನಿಗೆ ಏನೋ ಗದ್ದಲ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಕೈ ಎತ್ತಿ ಬಾಯಿ ತೆರೆದಿದ್ದರು. ಹಾಡು ನಿಂತಿದ್ದಕ್ಕೆ ತಾವೇ ಹಾಡುತ್ತಿದ್ದಾರೆ, ಎಂಥ ಖುಷಿಯ ಮಂದಿ ಎಂದು ಗಾಡಿಯನ್ನು ಇನ್ನಷ್ಟು ಓಡಿಸಿದ. ಹಿಂದೆ ಒಂದು ಲಾರಿ ಎಷ್ಟು ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತೋ, ಪಕ್ಕಕ್ಕೆ ಬಂದಿತ್ತು. ಇವನು ಗುಂಡಿ ತಪ್ಪಿಸಲು ಬಲಕ್ಕೆ ತಿರುಗಿಸಿದ. ಲಾರಿ ಗಾಡಿಯ ಮೈ ಸವರಿಕೊಂಡು ಜೋಳದ ಹೊಲಕ್ಕೆ ನುಗ್ಗಿ ನಿಂತಿತು. ಪಾರಮ್ಮನ ಎಲೆಯಡಿಕೆ ಚೀಲ ಯಂಕೋಬನ ಹೆಗಲಿಗೆ ಬಿದ್ದಾಗಲೇ ಅವನ ಕಾಲು ಬ್ರೇಕಿನ ಮೇಲೆ ಹೋದದ್ದು.

ಯಾರಿಗೂ ಏನೂ ಆಗಲಿಲ್ಲ. ಮದುಮಗಳು ರಸ್ತೆ ಬದಿಯಲ್ಲಿ ಕೂತು ಸೀರೆಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತಿದ್ದಳು. ಬೈಯಲು ಬಂದ ಲಾರಿ ಡ್ರೈವರಿಗೆ ಪಾರಮ್ಮ ಮೆಲ್ಲಗೆ ಏನೋ ಹೇಳಿದಳು. ಅವನು ಯಂಕೋಬನ ಕಡೆ ನೋಡಿ, ತನ್ನ ಕಿವಿ ಮುಟ್ಟಿಕೊಂಡು, ಅಂಗೈ ಅಲ್ಲಾಡಿಸಿದ. ಬೈಯದೆ ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಯಂಕೋಬನಿಗೆ ನಿದ್ದೆ ಬರಲಿಲ್ಲ. ಆದರೂ ಹಿಡಿದುಕೊಳ್ಳಲು ಒಂದು ಆಸೆ ಉಳಿದಿತ್ತು. ನಾಲ್ಕು ಸ್ಪೀಕರ್ ಹಚ್ಚಲು ಹೇಳಿದವನು ನೂರಸಾಬ. ತಪ್ಪು ಅವನ ಬಾಯಿಯದಾದರೆ ತನ್ನ ಕಿವಿಯದಲ್ಲ. ಬೆಳಗಾಗುತ್ತಲೇ ಸುಟ್ಟ ಡಬ್ಬಿಯನ್ನು ಪಂಚೆಯಲ್ಲಿ ಗಂಟು ಕಟ್ಟಿಕೊಂಡು, ಬಸ್ಸು ಹಿಡಿದು ಗಂಗಾವತಿಗೆ ಹೋದ.

"ಏನ್ರಿ ಸಾಬ್ರ, ಮದುವಿ ಮಂದೀನ ಸುಡಬೇಕಂತ ಮಾಡಿದ್ರೇನು? ಇನ್ನೆರಡು ಹಚ್ಚಿಬಿಡ್ರಿ ಅಂತ ನೀವ ಹೇಳಿದ್ರಿ!"

ನೂರಸಾಬ ಕೆರಳಿ ಎದ್ದು ನಿಂತ. "ನಾನಾ? ಹಚ್ಚಬ್ಯಾಡ್ರಿ ಅಂದಿದ್ದೆ ನಾನು! ಇಪ್ಪತ್ತು ವರ್ಷದಾಗ ಒಂದು ಓಮ್ ಹೆಚ್ಚುಕಮ್ಮಿ ಮಾಡಿದಾವ ಅಲ್ಲ ನಾನು. ಈಕಿನ್ನ ಕೇಳ್ರಿ, ಇಲ್ಲೇ ಇದ್ದಳು."

ಶಾಹಜಾದಬಿ ತಂತಿ ಸುತ್ತುವುದನ್ನು ನಿಲ್ಲಿಸಿದ್ದಳು. ಯಂಕೋಬನ ಕಣ್ಣು ತನ್ನ ಗಂಡನ ತುಟಿಗೆ ಅಂಟಿಕೊಂಡಿದ್ದನ್ನು ಅವಳು ನೋಡಿದಳು. ಗಂಡನ ತೋಳು ಮುಟ್ಟಿ, ಏನೋ ಒಂದೇ ಮಾತು ಹೇಳಿದಳು.

ನೂರಸಾಬನೂ ನೋಡಿದ. ಆಮೇಲೆ ಮೂರೂ ರೇಡಿಯೋ ಬಂದ್ ಮಾಡಿ, ಯಂಕೋಬನ ಕಿವಿಯ ಹತ್ತಿರ ಬಾಗಿ, ಇಡೀ ಬಜಾರಕ್ಕೆ ಕೇಳಿಸುವಂತೆ ಕೂಗಿದ: "ಹೌದ್ರಿ ಯಂಕೋಬಣ್ಣಾರ! ಹಚ್ಚಿಬಿಡ್ರಿ ಅಂದಿದ್ದೆ! ಈಗ ನೆನಪಾತು. ತಪ್ಪು ನಂದ! ಹೊಸಾ ಡಬ್ಬಿ ಮಾಡಿಕೊಡ್ತೀನಿ!"

ಯಂಕೋಬ ಗೆದ್ದಿದ್ದ. ಅವನು ಬಂದದ್ದೂ ಅದಕ್ಕೇ. ಆದರೆ ಅರ್ಧ ಓಮಿಗೆ ಊರನ್ನೇ ಎದುರು ಹಾಕಿಕೊಳ್ಳುವ ಮನುಷ್ಯ ಎರಡು ಓಮಿನ ಪಾಪವನ್ನು ಹೀಗೆ ಕೂಗಿ ತಲೆಯ ಮೇಲೆ ಹೊತ್ತುಕೊಳ್ಳಬೇಕಾದರೆ, ಎದುರಿಗೆ ನಿಂತವನ ಸ್ಥಿತಿ ಎಂಥದಿರಬೇಕು? ಡಬ್ಬಿಯನ್ನು ಅಲ್ಲೇ ಬಿಟ್ಟು, ಶಾಹಜಾದಬಿ ಕೊಟ್ಟ ಚಹಾ ಕುಡಿದು, ಇಬ್ಬರಿಗೂ ಕೈಮುಗಿದು ಎದ್ದ.

ಸಂಜೆ ನಾಲ್ಕರ ಹೊತ್ತಿಗೆ ಮನೆ ಮುಟ್ಟಿದ. ಗಾಳೆಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಆಚೀಚೆ ಕಟ್ಟೆಗಳಲ್ಲಿ ಹೆಂಗಸರು ಕೂತಿದ್ದರು, ಒಬ್ಬಿಬ್ಬರು ಗಂಡಸರೂ ಬೀಡಿ ಸೇದುತ್ತ ನಿಂತಿದ್ದರು. ಯಂಕೋಬ ಅವಳ ಪಕ್ಕದಲ್ಲಿ ಕುಕ್ಕರಿಸಿ, ತಲೆ ತಗ್ಗಿಸಿ, ಗೋಡೆಗೂ ಕೇಳಿಸಬಾರದೆಂದು ದನಿಯನ್ನು ಆದಷ್ಟು ಸಣ್ಣ ಮಾಡಿ, ಪಿಸುಮಾತಿನಲ್ಲಿ ಹೇಳಿದ. ಪಿಸುಮಾತೆಂದು ಅವನು ತಿಳಿದದ್ದು ಓಣಿಯ ಕೊನೆಯ ಮನೆಯ ಎಮ್ಮೆ ತಲೆ ಎತ್ತುವಷ್ಟು ಜೋರಿತ್ತು.

"ನನಗ ಕಿವಿ ಕೇಳವಲ್ವು. ಭಾಳ ದಿನಾತು. ನಾಳಿಂದ ಗಾಡಿ ಹೊಡಿಯಂಗಿಲ್ಲ ನಾನು. ನಿನ್ನ ಮುಂದ ಅಷ್ಟ ಹೇಳಾಕತ್ತೀನಿ, ಯಾರ ಮುಂದೂ ಆಡಬ್ಯಾಡ."

ಮೊರದಲ್ಲಿ ಕೇರುತ್ತಿದ್ದ ಕೈಗಳು ನಿಂತವು. ಬೀಡಿ ಸೇದುವವರು ಹೊಗೆ ಬಿಡಲು ಮರೆತರು. ಎದುರು ಮನೆಯ ಮುದುಕಿ, ಗಾಳೆಮ್ಮನಿಗೆ ಜಗಳಗಂಟಿ ಎಂದು ಹೆಸರಿಟ್ಟವಳು, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಯಂಕೋಬ ತಲೆ ಎತ್ತಲಿಲ್ಲ. ಎತ್ತಲು ಹೆದರಿಕೆ.

"ಯಾರಾರ ಕೇಳಿಸ್ಕೊಂಡ್ರೇನು?" ಎಂದ.

ಗಾಳೆಮ್ಮ ಓಣಿಯುದ್ದಕ್ಕೂ ಒಮ್ಮೆ ನೋಡಿದಳು. ಒಬ್ಬೊಬ್ಬರನ್ನೂ ನೋಡಿದಳು. ಆಮೇಲೆ ಅವನ ಕಿವಿಗೆ ಬಾಯಿ ಇಟ್ಟು, ಎಲ್ಲರೂ ಕೇಳುವಂತೆ, ಗಂಟಲು ಹರಿಯುವಂತೆ ಕೂಗಿದಳು:

"ಇಲ್ರೀ! ಯಾರೂ ಕೇಳಿಸ್ಕೊಂಡಿಲ್ಲ!"